ಇಪ್ಪತ್ತರ ರಿಯಾಯಿತಿ, ನೂರರ ಪಣ

ವಾಡಿ ಜಂಕ್ಷನ್ನಿನ ಟಿಕೆಟ್ ಕಿಟಕಿ ಮುಂದೆ ಪಾಳಿ ಹಚ್ಚಿ ನಿಂತವನಿಗೆ ಎರಡು ಚಿಂತೆ. ಒಂದು, ಸೀಟು ಸಿಕ್ಕೀತೋ ಇಲ್ಲವೋ. ಇನ್ನೊಂದು, ಸಿಕ್ಕ ಮೇಲೆ ಹೋಗಲಾಗದೆ ಹೋದರೆ ರೊಕ್ಕ ತಿರುಗಿ ಬಂದೀತೋ ಇಲ್ಲವೋ. ಮೊದಲನೇ ಚಿಂತೆ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಮನವಿ ಕೊಡುವವರೂ ಅದನ್ನೇ ಬರೆಯುತ್ತಾರೆ, ಭಾಷಣ ಬಿಗಿಯುವವರೂ ಅದನ್ನೇ ಹೇಳುತ್ತಾರೆ. ಎರಡನೇ ಚಿಂತೆ ಮಾತ್ರ ಬಡವನ ಜೇಬಿನೊಳಗೇ ಉಳಿದುಬಿಡುತ್ತದೆ.

"ಕಾಕಾ, ಹೋಗೋದು ಬರೋದು ಎರಡೂ ಟಿಕೀಟ ಒಮ್ಮೆಗೇ ತಗೊಂಡ್ರ, ಬರೋದ್ರಾಗ ನೂರಕ್ಕ ಇಪ್ಪತ್ತು ಕಡಿಮಿ ಅಂತ್ರಿ."

"ಕಡಿಮಿ ಖರೆ. ಗುತ್ತೇದಾರ ಸುಟ್ಟಿ ಕೊಡ್ಲಿಲ್ಲ ಅಂದ್ರ?"

"ರೊಕ್ಕ ವಾಪಸ್ ಇಲ್ಲಂತ."

"ಹಂಗಾದ್ರ ಅದು ರಿಯಾಯ್ತಿ ಅಲ್ಲೋ ತಮ್ಮಾ, ಪಣ!"

2025ರ ದೀಪಾವಳಿ ಮುಂಚೆ ಸೇಡಂ, ಚಿತ್ತಾಪುರ, ಶಹಾಬಾದ ಕಡೆಯ ಯಾವ ಕಟ್ಟೆಯ ಮೇಲಾದರೂ ಹುಟ್ಟಬಹುದಾಗಿದ್ದ ಮಾತು ಇದು. ಕಾಕಾನ ಕಡೆಯ ಮಾತಿನಲ್ಲಿ ಎಷ್ಟು ಸತ್ಯ ಇದೆ, ಎಷ್ಟು ಅವಸರ ಇದೆ ಎಂಬುದನ್ನು ಸ್ವಲ್ಪ ಕೂತು ಹಿಸಾಬು ಹಾಕಿ ನೋಡಬೇಕಾಗಿದೆ. ಯಾಕೆಂದರೆ ಹಬ್ಬ ವರ್ಷಾ ಬರುತ್ತದೆ. ಇಂಥ ಯೋಜನೆಯೂ ಮತ್ತೆ ಬರಬಹುದು.

ಏನಿತ್ತು ಆ ಯೋಜನೆ?

ರೈಲ್ವೆ ಇಲಾಖೆ 2025ರ ಆಗಸ್ಟ್‌ನಲ್ಲಿ ಹಬ್ಬದ ಗದ್ದಲಕ್ಕೆಂದು 'ರೌಂಡ್ ಟ್ರಿಪ್ ಪ್ಯಾಕೇಜ್' ಎಂಬುದನ್ನು ಪ್ರಯೋಗಕ್ಕೆ ಬಿಟ್ಟಿತು. ಬುಕಿಂಗ್ ಶುರುವಾದದ್ದು ಆಗಸ್ಟ್ 14ಕ್ಕೆ. ಹೋಗುವ ಪ್ರಯಾಣ ಅಕ್ಟೋಬರ್ 13ರಿಂದ 26ರ ಒಳಗೆ. ಬರುವ ಪ್ರಯಾಣ ನವೆಂಬರ್ 17ರಿಂದ ಡಿಸೆಂಬರ್ 1ರ ಒಳಗೆ. ಎರಡೂ ಕಡೆ ಅದೇ ಜನ, ಅದೇ ಊರು, ಅದೇ ಕ್ಲಾಸು. ಎರಡೂ ಟಿಕೆಟ್ ಕನ್‌ಫರ್ಮ್ ಆಗಿರಬೇಕು. ಒಂದು ಕಿಟಕಿಯಲ್ಲಿ, ಒಂದು ಮೊಬೈಲಿನಲ್ಲಿ ತೆಗೆದರೆ ನಡೆಯದು. ಇಷ್ಟೂ ಷರತ್ತು ಪೂರೈಸಿದವನಿಗೆ ಬರುವ ಟಿಕೆಟ್ಟಿನ ಮೂಲ ದರದಲ್ಲಿ ಮಾತ್ರ ನೂರಕ್ಕೆ ಇಪ್ಪತ್ತು ಸೋಡಿ.

ಕೊನೆಯಲ್ಲಿ ಇನ್ನೆರಡು ಷರತ್ತು. ರೊಕ್ಕ ವಾಪಸ್ ಇಲ್ಲ. ಯಾವ ತಿದ್ದುಪಡಿಯೂ ಇಲ್ಲ.

ಇದರ ಎದುರಿಗೆ ಮಾಮೂಲಿ ಟಿಕೆಟ್ ಇತ್ತು. ಸೋಡಿ ಇಲ್ಲ, ಪೂರಾ ದರ. ಆದರೆ ಹೋಗಲಾಗದಿದ್ದರೆ ಒಂದಿಷ್ಟು ವಾಪಸ್. 2015ರ ನವೆಂಬರ್ 12ರಿಂದ ಜಾರಿಗೆ ಬಂದ ನಿಯಮದ ಲೆಕ್ಕವೇ ಆ ಹಬ್ಬದ ಹೊತ್ತಿನಲ್ಲೂ ನಡೆದಿತ್ತು. ಗಾಡಿ ಹೊರಡುವ 48 ತಾಸು ಮುಂಚೆ ರದ್ದು ಮಾಡಿದರೆ ಸ್ಲೀಪರಿಗೆ ತಲೆಗೆ 120 ರೂಪಾಯಿ ಮುರಿತ, ಸೆಕೆಂಡ್ ಸೀಟಿಂಗ್‌ಗೆ 60, ಮೂರನೇ ದರ್ಜೆ ಎ.ಸಿ.ಗೆ 180. 48ರಿಂದ 12 ತಾಸಿನೊಳಗೆ ಆದರೆ ದರದ ಕಾಲು ಭಾಗ, 12ರಿಂದ 4 ತಾಸಿನೊಳಗೆ ಆದರೆ ಅರ್ಧ. 4 ತಾಸಿಗಿಂತ ಕಡಿಮೆ ಉಳಿದಿದ್ದರೆ ಪೂರಾ ಹೋಯಿತು. ಇಂಥ ಲೆಕ್ಕ ಆಗಾಗ ಬದಲಾಗುತ್ತದೆ. ಟಿಕೆಟ್ ತೆಗೆಯುವ ದಿನವೇ ಕಿಟಕಿಯಲ್ಲಿ ಕೇಳಿಕೊಳ್ಳುವುದು ಶಾಣ್ಯಾತನ.

ಇಪ್ಪತ್ತಲ್ಲ, ಹತ್ತು

ಈಗ ಒಂದು ಉದಾಹರಣೆ. ಲೆಕ್ಕ ಸಲೀಸಾಗಲಿ ಎಂದು ಸ್ಲೀಪರ್ ಟಿಕೆಟ್ಟಿನ ಮೂಲ ದರ 400 ರೂಪಾಯಿ ಎಂದಿಟ್ಟುಕೊಳ್ಳೋಣ. ರಿಸರ್ವೇಷನ್ ಚಾರ್ಜು, ಸೂಪರ್‌ಫಾಸ್ಟ್ ಚಾರ್ಜು ಎಲ್ಲಾ ಪಕ್ಕಕ್ಕಿಡೋಣ. ಹೋಗಿ ಬರಲು 800. ಸೋಡಿ ಸಿಗುವುದು ಬರುವ 400ರ ಮೇಲೆ ಮಾತ್ರ. ಅಂದರೆ 80 ರೂಪಾಯಿ. 800ಕ್ಕೆ 80 ಎಂದರೆ ನೂರಕ್ಕೆ ಹತ್ತು. ಜಾಹೀರಾತಿನ ಇಪ್ಪತ್ತು ಜೇಬಿಗೆ ಬರುವಷ್ಟರಲ್ಲಿ ಹತ್ತಾಯಿತು.

ಇನ್ನು ಪ್ರಯಾಣವೇ ಮುರಿದು ಬಿತ್ತು ಎಂದುಕೊಳ್ಳಿ. ರಿಯಾಯಿತಿ ಟಿಕೆಟ್ ತೆಗೆದವನ 720 ರೂಪಾಯಿ ಹೋಯಿತು. ಮಾಮೂಲಿ ಟಿಕೆಟ್ ತೆಗೆದು, ಎರಡು ದಿನ ಮುಂಚೆ ರದ್ದು ಮಾಡಿದವನದು ಎರಡಕ್ಕೂ ಸೇರಿ 240 ಹೋಯಿತು. ವ್ಯತ್ಯಾಸ 480. ಒಂದು ಕಡೆ 80ರ ಲಾಭ, ಇನ್ನೊಂದು ಕಡೆ 480ರ ಹೆಚ್ಚಿನ ನಷ್ಟ. ಏಳು ಪ್ರಯಾಣದಲ್ಲಿ ಆರು ಸುಸೂತ್ರ ಆಗಿ ಒಂದು ಮುರಿದರೆ ಆರು ಎಂಬತ್ತಲೆ 480, ಲಾಭ ನಷ್ಟ ಸರಿಸಮ. ಏಳರಲ್ಲಿ ಎರಡು ಮುರಿಯುವ ಮನುಷ್ಯನಿಗೆ ರಿಯಾಯಿತಿ ಟಿಕೆಟ್ ಪಕ್ಕಾ ನುಕ್ಸಾನ. ಹತ್ತರಲ್ಲಿ ಒಂದೂ ಮುರಿಯದವನಿಗೆ ಪಕ್ಕಾ ಫಾಯ್ದಾ.

ಹೋಗುವುದು ಹೋದ, ಬರುವ ದಿನ ಮಾತ್ರ ತಪ್ಪಿತು ಅನ್ನಿ. ಆಗ ಮಾಮೂಲಿ ಟಿಕೆಟ್ಟಿನವನು ಹೋಗುವ 400, ಮೇಲೆ ಮುರಿತದ 120, ಒಟ್ಟು 520 ಕಳೆದುಕೊಂಡ. ರಿಯಾಯಿತಿಯವನು ಅದೇ 720. ವ್ಯತ್ಯಾಸ 200. ಏಳರಲ್ಲಿ ಎರಡು ಸಲ ಹೀಗಾದರೆ ಲಾಭ ನಷ್ಟ ಸಮ.

ಹಾಗಾದರೆ ಕಾಕಾನ ಮಾತು ಪೂರ್ತಿ ಸರಿಯಲ್ಲ. ಅದು ಎಲ್ಲರಿಗೂ ಪಣ ಅಲ್ಲ. ತನ್ನ ದಿನ ತನ್ನ ಕೈಯಲ್ಲಿರುವವನಿಗೆ ಅದು ನಿಜವಾದ ರಿಯಾಯಿತಿ. ತನ್ನ ದಿನ ಇನ್ನೊಬ್ಬರ ಕೈಯಲ್ಲಿರುವವನಿಗೆ ಮಾತ್ರ ಪಣ.

ದಿನ ಯಾರ ಕೈಯಲ್ಲಿದೆ?

ಪ್ರಶ್ನೆ ಇರುವುದೇ ಇಲ್ಲಿ. ಈ ಐದು ಊರಿನ ಜನರಲ್ಲಿ ದಿನ ಯಾರ ಕೈಯಲ್ಲಿದೆ?

ಸಿಮೆಂಟ್ ಕಾರ್ಖಾನೆಯಲ್ಲಿ ಕಾಯಂ ನೌಕರಿ ಇದ್ದವನ ಸುಟ್ಟಿ ಮುಂಚೆಯೇ ಬರೆದಿರುತ್ತದೆ. ಸರ್ಕಾರಿ ಶಾಲೆ ಮಾಸ್ತರರ ರಜೆ ಕ್ಯಾಲೆಂಡರಿನಲ್ಲೇ ಇದೆ. ಮಳಖೇಡದ ಜಯತೀರ್ಥರ ಆರಾಧನೆ, ಕಲಬುರಗಿ ಶರಣಬಸಪ್ಪನ ಜಾತ್ರೆ ಯಾರ ಸಲುವಾಗಿಯೂ ಮುಂದಕ್ಕೆ ಹೋಗುವುದಿಲ್ಲ. ಇಂಥವರು, ಇಂಥ ಕೆಲಸಕ್ಕೆ ಹೊರಟವರು ಸೋಡಿ ಟಿಕೆಟ್ ತೆಗೆದರೆ ತಪ್ಪೇನಿಲ್ಲ. ತೆಗೆಯಬೇಕು.

ಬೆಂಗಳೂರಿನಲ್ಲಿ ಗೌಂಡಿ ಕೆಲಸಕ್ಕೆ ಹೋದ ಸೇಡಂ ಕಡೆಯ ಹುಡುಗನ ದಿನ ಗುತ್ತೇದಾರನ ಕೈಯಲ್ಲಿದೆ. ಸ್ಲ್ಯಾಬು ಹಾಕುವ ದಿನ ನಾಳೆಗೆ ಬಿದ್ದರೆ ಇಂದಿನ ಗಾಡಿ ಬಿಟ್ಟಂತೆ. ಪುಣೆ ಮುಂಬೈಗೆ ದುಡಿಯಲು ಹೋಗುವ ಚಿಂಚೋಳಿ ತಾಂಡಾಗಳ ಜನರ ದಿನ ಮುಕಾದಮನ ಕೈಯಲ್ಲಿದೆ. ಚಿತ್ತಾಪುರದ ರೈತನ ದಿನ ಮಳೆಯ ಕೈಯಲ್ಲಿದೆ. 2025ರ ಮುಂಗಾರಿನಲ್ಲಿ ಜಿಲ್ಲೆಯ ತೊಗರಿ ಹೊಲಗಳಲ್ಲಿ ನೀರು ನಿಂತದ್ದನ್ನು ಯಾರೂ ಮರೆತಿಲ್ಲ. ಆಗಸ್ಟ್ ತಿಂಗಳಿನಲ್ಲಿ ಕೂತು ನವೆಂಬರಿನ ದಿನ ಗೊತ್ತು ಮಾಡು ಎಂದರೆ ಅಂಥ ರೈತ ಯಾವ ಪಂಚಾಂಗ ನೋಡಬೇಕು? ಕೋರ್ಟಿಗೆ ಹೋಗುವವನ ತಾರೀಖು ಮುಂದೆ ಹೋಗುತ್ತದೆ, ಪರೀಕ್ಷೆ ಬರೆಯುವ ಹುಡುಗರ ತಾರೀಖೂ ಮುಂದೆ ಹೋಗುತ್ತದೆ. ಮನೆಯಲ್ಲಿ ಮುದುಕರು ಹಾಸಿಗೆ ಹಿಡಿದಿದ್ದರೆ ಯಾವ ತಾರೀಖಿಗೂ ಭರವಸೆ ಇಲ್ಲ.

ತಮಾಷೆ ನೋಡಿ. ಯಾರಿಗೆ ಎಂಬತ್ತು ರೂಪಾಯಿ ನಿಜವಾಗಿಯೂ ಬೇಕೋ ಅವರ ದಿನವೇ ಅವರ ಕೈಯಲ್ಲಿಲ್ಲ. ಯಾರ ದಿನ ಅವರ ಕೈಯಲ್ಲಿದೆಯೋ ಅವರಿಗೆ ಎಂಬತ್ತು ರೂಪಾಯಿ ದೊಡ್ಡದಲ್ಲ.

ಯಾರ ಹಬ್ಬಕ್ಕೆ ಯಾರ ಕ್ಯಾಲೆಂಡರು?

ತಾರೀಖುಗಳನ್ನೇ ಇನ್ನೊಮ್ಮೆ ನೋಡಬೇಕು. 2025ರ ಬಲಿಪಾಡ್ಯಮಿ ಅಕ್ಟೋಬರ್ 22ಕ್ಕೆ. ಊರಿಗೆ ಬಂದ ಗೌಂಡಿ ಹುಡುಗ ನಾಲ್ಕೈದು ದಿನ ಇದ್ದು ತಿರುಗಿ ಹೋಗಬೇಕು. ಯೋಜನೆಯ ಪ್ರಕಾರ ಅವನು ನವೆಂಬರ್ 17ರ ತನಕ ವಾಪಸ್ ಗಾಡಿ ಹತ್ತುವಂತಿಲ್ಲ. ತೀರಾ ಕಡೆಯ ದಿನ, ಅಕ್ಟೋಬರ್ 26ಕ್ಕೆ ಊರಿಗೆ ಬಂದರೂ ನಡುವೆ 22 ದಿನ. ಅಷ್ಟು ದಿನದ ಪಗಾರ ಬಿಟ್ಟು 80 ರೂಪಾಯಿ ಉಳಿಸುವ ಮನುಷ್ಯ ಎಲ್ಲಿದ್ದಾನೆ?

ದೀಪಾವಳಿ, ಅದರ ಬೆನ್ನಿಗೇ ಛಠ್ ಪೂಜೆ ಮಾಡಿಕೊಂಡು ತಿಂಗಳು ಬಿಟ್ಟು ಕೆಲಸಕ್ಕೆ ಮರಳುವ ಉತ್ತರದ ಜನರಿಗೆ ಈ ಲೆಕ್ಕ ಹೊಂದಿರಬಹುದು. ಅವರೂ ದುಡಿಯುವ ಜನರೇ, ಅವರಿಗೆ ಅನುಕೂಲ ಆದರೆ ಯಾರಿಗೂ ಹೊಟ್ಟೆಕಿಚ್ಚಿಲ್ಲ. ಆದರೆ ಕಲಬುರಗಿ ಸೀಮೆಯ ದುಡಿಯುವವನ ವರ್ಷ ಬೇರೆ ಥರ ಇದೆ. ಅವನು ದೀಪಾವಳಿಗೆ ಬಂದು ಹೋಗುತ್ತಾನೆ. ಮನೆಯಲ್ಲಿ ಎರಡೆಕರೆ ಹೊಲ ಇದ್ದರೆ ಡಿಸೆಂಬರ್ ಜನವರಿಗೆ ತೊಗರಿ ರಾಶಿಗೆ ಮತ್ತೆ ಬರುತ್ತಾನೆ. ಈ ಓಡಾಟ ಡೆಲ್ಲಿಯ ಕಾಗದದ ಮೇಲೆ ಎಲ್ಲೂ ಕಾಣುವುದಿಲ್ಲ.

ಇನ್ನು 'ಎರಡೂ ಕನ್‌ಫರ್ಮ್ ಇರಬೇಕು' ಎಂಬ ಷರತ್ತು. ಗಾಡಿ ಹುಟ್ಟುವ ಊರಿನಲ್ಲಿ ಹತ್ತುವವನಿಗೆ ಇದು ಸಣ್ಣ ಮಾತು. ನಡುದಾರಿಯ ಸ್ಟೇಷನ್ನಿನವರ ಪಾಲಿಗೆ ಬರುವ ಬರ್ತುಗಳೇ ಕಡಿಮೆ, ವೇಟಿಂಗ್ ಲಿಸ್ಟೇ ಹೆಚ್ಚು. ಶಹಾಬಾದ, ವಾಡಿ, ಸೇಡಂ ಮಂದಿಗೆ ಹಬ್ಬದ ದಿನ ಒಂದು ಕಡೆ ಕನ್‌ಫರ್ಮ್ ಆದರೆ ಗುಡಿಗೆ ಕಾಯಿ ಒಡೆಸುತ್ತಾರೆ. ಎರಡೂ ಕಡೆ ಅಂದರೆ?

ಸಣ್ಣ ಟಿಕೆಟ್ಟಿನ ದೊಡ್ಡ ಮುರಿತ

ಹಾಗೆಂದು ಮಾಮೂಲಿ ಟಿಕೆಟ್ಟು ಬಡವನ ಬಂಧು ಎಂದು ಹೊಗಳಲೂ ಆಗದು. ಅದರೊಳಗೂ ಒಂದು ಮುಳ್ಳಿದೆ.

1874ರಷ್ಟು ಹಿಂದೆ, ನಿಜಾಮರ ಕಾಲದಲ್ಲೇ ವಾಡಿಯಿಂದ ಹೈದರಾಬಾದಿಗೆ ಹಳಿ ಬಿತ್ತು. ಅಂದಿನಿಂದ ಚಿತ್ತಾಪುರ, ಸೇಡಂ ಜನರಿಗೆ ದವಾಖಾನೆ ಎಂದರೂ ಹೈದರಾಬಾದು, ಲಗ್ನದ ಬಟ್ಟೆ ಎಂದರೂ ಹೈದರಾಬಾದು. ದೂರ ಕಡಿಮೆ, ದರವೂ ಕಡಿಮೆ. ಇಂಥ ದಾರಿಗೆ ಸ್ಲೀಪರ್ ಮೂಲ ದರ 150 ಎಂದಿಟ್ಟುಕೊಂಡರೆ, ಹತ್ತು ದಿನ ಮುಂಚೆ ರದ್ದು ಮಾಡಿದರೂ 120 ಮುರಿತ! ಕೈಗೆ ಬರುವುದು 30. ಹೋಗಿ ಬರುವ ಎರಡೂ ಟಿಕೆಟ್ ರದ್ದಾದರೆ 300ರಲ್ಲಿ 240 ಹೋಯಿತು. ಅದೇ ದರದ ಮೇಲೆ ಸೋಡಿ ಟಿಕೆಟ್ ಇದ್ದಿದ್ದರೆ 270 ಹೋಗುತ್ತಿತ್ತು. ವ್ಯತ್ಯಾಸ ಬರೇ 30 ರೂಪಾಯಿ. ಉಳಿತಾಯವೂ 30 ರೂಪಾಯಿಯೇ. ಅಂದರೆ ಎರಡರಲ್ಲಿ ಒಂದು ಪ್ರಯಾಣ ಮುರಿದರೂ ಲೆಕ್ಕ ಸರಿಸಮ.

ಸಾವಿರಾರು ರೂಪಾಯಿಯ ಎ.ಸಿ. ಟಿಕೆಟ್ಟಿಗೆ 180 ಎಂದರೆ ಸಾಸಿವೆ ಕಾಳು. 150ರ ಟಿಕೆಟ್ಟಿಗೆ 120 ಎಂದರೆ ಅರ್ಧ ರೊಟ್ಟಿಗಿಂತ ಹೆಚ್ಚು. ದೂರ ಹೋಗುವವನಿಗೆ 'ವಾಪಸ್ ಉಂಟು' ಎಂಬುದು ನಿಜ, ಹತ್ತಿರ ಹೋಗುವವನಿಗೆ ಅದು ಬಾಯಿಮಾತು. ಆದ್ದರಿಂದ ಸಣ್ಣ ದೂರಕ್ಕೆ ಹೋಗುವವರು ವಾಪಸ್ ಸಿಗುತ್ತದೆ ಎಂಬ ಆಸೆಯ ಮೇಲೆ ರಿಸರ್ವೇಷನ್ ಮಾಡಿಸುವುದು ಬ್ಯಾಡ. ಖಾತ್ರಿ ಇದ್ದರೆ ಮಾಡಿಸಲಿ, ಇಲ್ಲದಿದ್ದರೆ ಹೊರಡುವ ದಿನ ಜನರಲ್ ಟಿಕೆಟ್ ಸಾಕು.

ತತ್ಕಾಲ್‌ದಂತೂ ಇನ್ನೂ ವಿಚಿತ್ರ. ಸೋಡಿ ಕೊಟ್ಟು ವಾಪಸ್ ಇಲ್ಲ ಅಂದರೆ ಒಂದು ನ್ಯಾಯ ಇದೆ. ತತ್ಕಾಲ್‌ನಲ್ಲಿ ಸ್ಲೀಪರಿಗೆ ಮೂಲ ದರದ ನೂರಕ್ಕೆ ಮೂವತ್ತು, ಕಡಿಮೆ ಎಂದರೆ 100, ಹೆಚ್ಚೆಂದರೆ 200 ರೂಪಾಯಿ ಮೇಲೆ ಕೊಟ್ಟರೂ ಕನ್‌ಫರ್ಮ್ ಆದ ಟಿಕೆಟ್ಟಿಗೆ ವಾಪಸ್ ಇಲ್ಲ. ತಿಂಗಳ ಮುಂಚೆ ದಿನ ಗೊತ್ತಿಲ್ಲದ ಕೂಲಿಕಾರ ಕಡೆಗೆ ಬಂದು ಬೀಳುವುದು ಇದೇ ಬಲೆಗೆ. ಹೆಚ್ಚು ಕೊಟ್ಟವನೂ ಅವನೇ, ಕಳೆದುಕೊಳ್ಳುವವನೂ ಅವನೇ.

ಚಿಂಚೋಳಿಯವರ ಪಾಡು ಬೇರೆ. ತಾಲೂಕಿಗೆ ಹಳಿಯೇ ಇಲ್ಲ. ಗಾಡಿ ಹತ್ತಬೇಕಾದರೆ ಗಡಿ ದಾಟಿ ತೆಲಂಗಾಣದ ತಾಂಡೂರಿಗೆ ಬಸ್ಸಿನಲ್ಲಿ ಹೋಗಬೇಕು. ಬಸ್ಸು ತಡವಾದರೆ ಗಾಡಿ ಹೋಯಿತು. ಬಸ್ಸು ತಡವಾಯಿತೆಂದು ರೈಲ್ವೆ ರೊಕ್ಕ ಕೊಡುವುದಿಲ್ಲ. ಗಾಡಿಯೇ ಮೂರು ತಾಸಿಗಿಂತ ಹೆಚ್ಚು ತಡವಾಗಿ, ಪ್ರಯಾಣಿಕ ಹೋಗದೆ ಬಿಟ್ಟರೆ ಮಾತ್ರ ಪೂರಾ ವಾಪಸ್ ಎಂಬ ನಿಯಮ ಇದೆ. ಅದಕ್ಕೂ ಗಾಡಿ ಹೊರಡುವ ಮುಂಚೆ ಅರ್ಜಿ ಹಾಕಿರಬೇಕು. ಇದು ಎಷ್ಟು ಜನಕ್ಕೆ ಗೊತ್ತು?

ಇಲಾಖೆಯ ಮಾತೂ ಕೇಳಬೇಕಲ್ಲ

ನ್ಯಾಯ ಹೇಳುವುದಾದರೆ ಇಲಾಖೆಯ ಕಡೆಗೂ ಒಂದು ವಾದ ಇದೆ. ಹಬ್ಬದ ಒಂದೇ ವಾರಕ್ಕೆ ಎಲ್ಲರೂ ಮುಗಿಬೀಳುವ ಬದಲು ಗದ್ದಲ ಹಂಚಿಹೋಗಲಿ, ಗಾಡಿ ಹೋಗುವಾಗಲೂ ಬರುವಾಗಲೂ ತುಂಬಿರಲಿ ಎಂಬುದು ಅದರ ಉದ್ದೇಶ. ನಾಲ್ಕು ದಿನಕ್ಕೆ ನಾಲ್ಕು ಟಿಕೆಟ್ ತೆಗೆದಿಟ್ಟು, ಮೂರು ರದ್ದು ಮಾಡುವ ಜಾಣರೂ ನಮ್ಮಲ್ಲಿದ್ದಾರೆ. ಅವರಿಗೆ ಲಗಾಮು ಬೇಕು. ಶಹಾಬಾದದಿಂದ, ವಾಡಿಯಿಂದ ದಿನಾ ಕಲಬುರಗಿಗೆ ಓಡಾಡುವವರ ತಿಂಗಳ ಪಾಸು ಕೂಡ ವಾಪಸ್ ಇಲ್ಲದ ಅಗ್ಗದ ಟಿಕೆಟ್ಟೇ. ಹತ್ತು ದಿನ ಜ್ವರ ಬಂದು ಮಲಗಿದರೆ ಆ ದಿನದ ರೊಕ್ಕ ಯಾರೂ ತಿರುಗಿ ಕೊಡುವುದಿಲ್ಲ. ಆದರೂ ಯಾರೂ ಗೊಣಗುವುದಿಲ್ಲ. ಯಾಕೆಂದರೆ ಅಲ್ಲಿ ಸೋಡಿ ದೊಡ್ಡದು, ಅಪಾಯ ಸಣ್ಣದು. ಹಬ್ಬದ ಯೋಜನೆಯಲ್ಲಿ ಸೋಡಿ ಸಣ್ಣದು, ಅಪಾಯ ದೊಡ್ಡದು.

ಇನ್ನೊಂದು ಮಾತನ್ನು ಇಲಾಖೆ ಯೋಚಿಸಿದಂತಿಲ್ಲ. ಒಂದು ಪೈಸೆಯೂ ವಾಪಸ್ ಬರುವುದಿಲ್ಲ ಎಂದಾಗ, ಹೋಗಲಾಗದವನು ಟಿಕೆಟ್ ರದ್ದಾದರೂ ಯಾಕೆ ಮಾಡಿಸುತ್ತಾನೆ? ಮನೆಯಲ್ಲಿ ಸುಮ್ಮನೆ ಕೂತುಬಿಡುತ್ತಾನೆ. ಅವನ ಬರ್ತು ಅವನ ಹೆಸರಿನಲ್ಲೇ ಉಳಿಯುತ್ತದೆ. ವೇಟಿಂಗ್ ಲಿಸ್ಟಿನ ಹೆಣ್ಣುಮಗಳು ಕೂಸು ಎತ್ತಿಕೊಂಡು ಜನರಲ್ ಡಬ್ಬಿಯ ಬಾಗಿಲಲ್ಲಿ ಜೋಲಾಡುತ್ತಾಳೆ. ನೂರು ರೂಪಾಯಿಯಾದರೂ ತಿರುಗಿ ಸಿಗುವುದಿದ್ದರೆ ಅವನು ರದ್ದು ಮಾಡಿಸುತ್ತಿದ್ದ, ಆ ಬರ್ತು ಅವಳಿಗೆ ಸಿಗುತ್ತಿತ್ತು. ವಾಪಸ್ ಕೊಡುವುದು ದಾನವಲ್ಲ, ಬರ್ತು ಖಾಲಿ ಮಾಡಿಸುವ ಉಪಾಯ.

ನಡುವಿನ ಮೆಟ್ಟಿಲು ಎಲ್ಲಿ?

ಬೇರೆ ದೇಶಗಳಲ್ಲಿ ಇದಕ್ಕೆ ನಡುವಿನ ಮೆಟ್ಟಿಲು ಇದೆ. ಬ್ರಿಟನ್ನಿನ 'ಅಡ್ವಾನ್ಸ್' ಟಿಕೆಟ್ ಅಗ್ಗ, ರೊಕ್ಕ ವಾಪಸ್ ಇಲ್ಲ. ಆದರೆ ಗಾಡಿ ಹೊರಡುವ ಮುಂಚೆ ಒಂದಿಷ್ಟು ಶುಲ್ಕ, ದರದ ವ್ಯತ್ಯಾಸ ಕೊಟ್ಟರೆ ದಿನ ಬದಲಿಸಿಕೊಳ್ಳಬಹುದು. ಜರ್ಮನಿಯಲ್ಲಿ ತೀರಾ ಅಗ್ಗದ್ದು ಒಂದು, ಅದಕ್ಕೆ ವಾಪಸ್ ಇಲ್ಲ. ಅದರ ಮೇಲಿನದಕ್ಕೆ ಶುಲ್ಕ ಹಿಡಿದು ಉಳಿದದ್ದು ವಾಪಸ್. ಪೂರಾ ದರದ್ದಕ್ಕೆ ಸಾಕಷ್ಟು ಮುಂಚೆ ರದ್ದು ಮಾಡಿದರೆ ಪೂರಾ ವಾಪಸ್. ಮೂರು ಮೆಟ್ಟಿಲು. ಕಾಲಿಗೆ ತಕ್ಕಂತೆ ಹತ್ತಬಹುದು. ಇಲ್ಲಿ ಒಂದೋ ಅಂಗಳ, ಇಲ್ಲವೇ ಅಟ್ಟ.

ಮುಂದಿನ ಸಲ ಯೋಜನೆ ಬಂದರೆ ಹೀಗಿರಬೇಕು. ಎರಡು ದಿನ ಮುಂಚೆ ರದ್ದು ಮಾಡಿದರೆ ಸೋಡಿ ಕಿತ್ತುಕೊಂಡು ಅರ್ಧವಾದರೂ ವಾಪಸ್ ಕೊಡಬೇಕು. ಬರುವ ದಿನವನ್ನು ಒಂದು ಸಲ ಬದಲಿಸಲು ಬಿಡಬೇಕು. ಕಿಟಕಿಯಲ್ಲಿ ತೆಗೆದ ಮಾಮೂಲಿ ಟಿಕೆಟ್ಟಿಗೆ 48 ತಾಸು ಮುಂಚೆ ಒಂದು ಸಲ ದಿನ ಬದಲಿಸುವ ಸೌಕರ್ಯ ಇರುವಾಗ ಇದಕ್ಕೆ ಯಾಕೆ ಬೇಡ? ಬರುವ ತಾರೀಖುಗಳನ್ನು ಆಯಾ ಸೀಮೆಯ ಹಬ್ಬಕ್ಕೆ, ಸುಗ್ಗಿಗೆ ಹೊಂದಿಸಬೇಕು. ಸಣ್ಣ ಟಿಕೆಟ್ಟಿನ ಮುರಿತ ದರದ ಕಾಲು ಭಾಗ ದಾಟಬಾರದು. 'ರೊಕ್ಕ ವಾಪಸ್ ಇಲ್ಲ' ಎಂಬುದನ್ನು ಕಿಟಕಿಯ ಮೇಲೆ ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರೆದು ಹಚ್ಚಬೇಕು.

ಇದನ್ನು ಯಾರಿಗೆ ಹೇಳುವುದು ಎಂಬುದೂ ಒಂದು ಗೋಳು. ವಾಡಿ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗಕ್ಕೆ, ಚಿತ್ತಾಪುರ ಸೇಡಂ ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗಕ್ಕೆ. ದರ ಬರೆಯುವವರು ಇಬ್ಬರೂ ಅಲ್ಲ, ಡೆಲ್ಲಿಯ ರೈಲ್ವೆ ಮಂಡಳಿ. ಹಿರಿಯರಿಗಿದ್ದ ರಿಯಾಯಿತಿ, ಅಂದರೆ 60 ದಾಟಿದ ಗಂಡಸರಿಗೆ ನೂರಕ್ಕೆ 40, 58 ದಾಟಿದ ಹೆಂಗಸರಿಗೆ ನೂರಕ್ಕೆ 50, 2020ರ ಮಾರ್ಚ್ 20ಕ್ಕೆ ಅಲ್ಲಿಂದಲೇ ನಿಂತಿತು. ಅದು ವಾಪಸ್ ಕೊಡುವ ಷರತ್ತು ಮುರಿಯದ ರಿಯಾಯಿತಿಯಾಗಿತ್ತು. ರಿಯಾಯಿತಿಯೂ ಇರಬಹುದು, ವಾಪಸೂ ಇರಬಹುದು ಎಂಬುದಕ್ಕೆ ಇಲಾಖೆಯ ಹಳೇ ಪುಸ್ತಕವೇ ಸಾಕ್ಷಿ.

ಅಲ್ಲಿಯ ತನಕ ಜನ ಮಾಡಬೇಕಾದದ್ದು ಇಷ್ಟೇ. ಟಿಕೆಟ್ ತೆಗೆಯುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ದಿನ ನನ್ನ ಕೈಯಲ್ಲಿದೆಯೇ? ಸೋಡಿ ಒಟ್ಟು ರೊಕ್ಕದ ಎಷ್ಟು ಪಾಲು? ಮುರಿದರೆ ಕೈಗೆ ಬರುವುದೆಷ್ಟು? ಹೋಗಲಾಗದಿದ್ದರೆ ಮಾಮೂಲಿ ಕನ್‌ಫರ್ಮ್ ಟಿಕೆಟ್ಟನ್ನು 24 ತಾಸು ಮುಂಚೆ ಅಪ್ಪ, ಅವ್ವ, ಅಣ್ಣತಮ್ಮ, ಅಕ್ಕತಂಗಿ, ಗಂಡ, ಹೆಂಡತಿ, ಮಕ್ಕಳ ಹೆಸರಿಗೆ ಮಾಡಿಸಬಹುದು ಎಂಬುದನ್ನೂ ನೆನಪಿಡಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದೊಳಗೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸು ಪುಕ್ಕಟೆ. ಗಂಡ ರೈಲಿನ ಸೋಡಿ ಲೆಕ್ಕ ಹಾಕುವ ಮುಂಚೆ ಹೆಂಡತಿಯ ಬಸ್ಸಿನ ಲೆಕ್ಕವನ್ನೂ ಕೇಳಲಿ.

ಕಿಟಕಿ ಮುಂದಿನ ಆ ಹುಡುಗ ಕಡೆಗೆ ಏನು ಮಾಡಬೇಕು? ಗುತ್ತೇದಾರನಿಂದ ಸುಟ್ಟಿಯ ಮಾತು ಪಕ್ಕಾ ಆಗಿದ್ದರೆ ಸೋಡಿ ಟಿಕೆಟ್ ತೆಗೆಯಲಿ. ಇಲ್ಲವಾದರೆ ಎಂಬತ್ತು ರೂಪಾಯಿ ಹೆಚ್ಚು ಕೊಟ್ಟು ಮಾಮೂಲಿ ಟಿಕೆಟ್ ತೆಗೆಯಲಿ. ಆ ಎಂಬತ್ತು ಸೀಟಿನ ಬೆಲೆಯಲ್ಲ, ಗುತ್ತೇದಾರನ ಮಾತಿನ ಬೆಲೆ.